ಕಟ್ಟಿ ಇಲ್ಲದ ಮನಿ ಯಾವ ಮನಿ?

ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನ ಹೆಸರು ‘ಬಮ್ಮಿಗಟ್ಟಿ ಮನಿ’. ಅದರಲ್ಲಿ ದಿನಾ ಬರೋದು ಗುಡ್ ಮಾರ್ನಿಂಗ್ ಹೂವು, ಮಳೆ ಬಂತೋ ಇಲ್ಲವೋ ಅನ್ನೋ ಸುದ್ದಿ, ಅಣ್ಣನ ಮಗಳ ಡಾನ್ಸ್ ವಿಡಿಯೊ, ಇಷ್ಟೇ. ದೀಪಾವಳಿಗೆ ಎರಡು ವಾರ ಇರುವಾಗ ಅಣ್ಣ ಅದರಲ್ಲಿ ಒಂದು ಪಿಡಿಎಫ್ ಹಾಕಿದ. ಹೊಸ ಮನೆಯ ಪ್ಲ್ಯಾನು. ಕೆಳಗೆ ಒಂದೇ ಸಾಲು: ‘ಹಬ್ಬ ಆದಮ್ಯಾಲೆ ಹಳೇದು ಕೆಡವೂದು. ಜೆಸಿಬಿಗೆ ಹೇಳೇನಿ.’

ನಾನಾಗ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಕ್ಯಾಬಿನಲ್ಲೇ ಕೂತು ಒಂದಾದ ಮೇಲೊಂದು ಹನ್ನೊಂದು ಮೆಸೇಜ್ ಹಾಕಿದೆ. ಮುತ್ತಜ್ಜ ಕಟ್ಟಿಸಿದ ಮನೆ ಅಂತ. ಆ ಸಾಗವಾನಿ ಕಂಬ ಈಗ ದುಡ್ಡು ಕೊಟ್ಟರೂ ಸಿಗಲ್ಲ ಅಂತ. ಹೋಮ್‌ಸ್ಟೇ ಮಾಡಿದರೆ ಜನ ಹುಡುಕಿಕೊಂಡು ಬರ್ತಾರೆ ಅಂತ. ಕೊನೆಗೆ ಅಳುವ ಇಮೋಜಿ ಮೂರು. ಅಣ್ಣ ಉತ್ತರವಾಗಿ ಒಂದು ಹೆಬ್ಬೆರಳು ಒತ್ತಿದ. ಅದು ಒಪ್ಪಿಗೆಯೋ ಸಿಟ್ಟೋ ತಿಳಿಯಲಿಲ್ಲ. ರಾತ್ರಿ ಅವ್ವನ ವಾಯ್ಸ್ ಮೆಸೇಜ್ ಬಂತು: ‘ನೀ ಮೊದಲ ಊರಿಗೆ ಬಾ. ಫೋನ್‌ನಾಗ ಮನಿ ಉಳಸಾಕ ಆಗೂದಿಲ್ಲ.’

ಹೋದೆ.

ಬಮ್ಮಿಗಟ್ಟಿ ಎಲ್ಲಿದೆ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು ‘ಧಾರವಾಡ ಹತ್ರ’ ಅಂದು ಮುಗಿಸುತ್ತೇನೆ. ಸರಿಯಾಗಿ ಹೇಳಬೇಕೆಂದರೆ ಕಲಘಟಗಿ ತಾಲ್ಲೂಕು. ಮಲೆನಾಡಿನ ಸೆರಗು. ಜಿಲ್ಲೆಯ ಆ ತುದಿಯ ನವಲಗುಂದದಲ್ಲಿ ಕರಿ ಎರೆ ಹೊಲ, ಕಣ್ಣು ಹಾಯಿಸಿದಷ್ಟೂ ಮರವಿಲ್ಲದ ಬಯಲು. ಈ ತುದಿಯ ನಮ್ಮಲ್ಲಿ ಭತ್ತ, ಗೋವಿನಜೋಳ, ಮಾವು, ದೂರದಲ್ಲಿ ಕಾಡು. ಅಲ್ಲಿನ ಹಳೆ ಮನೆಗಳಿಗೆ ಮಣ್ಣಿನ ಮೇಲ್ಮುದ್ದಿ, ಸಪಾಟು ಮಾಳಿಗೆ. ನಮ್ಮಲ್ಲಿ ಮಳೆ ಹೆಚ್ಚು, ಅದಕ್ಕೆ ಇಳಿಜಾರು ಹಂಚು. ಒಂದೇ ಜಿಲ್ಲೆ, ಎರಡು ಲೋಕ. ಅವ್ವ ಹುಟ್ಟಿದ್ದು ಆ ಲೋಕದಲ್ಲಿ, ಹದಿನೆಂಟಕ್ಕೆ ಮದುವೆಯಾಗಿ ಬಂದದ್ದು ಈ ಲೋಕಕ್ಕೆ.

ನಮ್ಮ ಮನೆ ಈ ಕಡೆಯ ಹಳೆ ಮನೆಗಳ ಹಾಗೆಯೇ. ಬೀದಿಗೆ ಎರಡೂ ಬದಿ ಕಟ್ಟಿ, ನಡುವೆ ತಲಬಾಗಿಲು. ಬಾಗಿಲು ಗಿಡ್ಡ, ಎಷ್ಟೇ ದೊಡ್ಡ ಮನುಷ್ಯನಾದರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಒಂದು ಕಡೆ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲಿ. ಪಡಸಾಲಿಯಲ್ಲಿ ನಾಲ್ಕು ಕಂಬ. ಅದರಾಚೆ ನಡುಮನಿ, ದೇವರ ಕೋಣಿ, ಅಡಿಗಿ ಮನಿ, ಕೊನೆಗೆ ಬಚ್ಚಲ. ಮೇಲೆ ಅಟ್ಟ. ಎಲ್ಲದರ ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಸುಡಲು ಶುರು ಮಾಡಿದ ಆ ಹಂಚು ಘಟ್ಟ ಹತ್ತಿ ನಮ್ಮ ಕಡೆಯ ಮನೆಗಳ ತಲೆ ಮೇಲೂ ಬಂದು ಕೂತಿದೆ. ಅದಕ್ಕೂ ಮುಂಚೆ ನಾಡಹಂಚು ಇತ್ತಂತೆ.

ಇಂಥ ಮನೆಯನ್ನು ಜೆಸಿಬಿಗೆ ಕೊಡೋದೇ?

ಅಣ್ಣನನ್ನು ಒಪ್ಪಿಸೋದು ಕಷ್ಟ. ಅವ್ವನನ್ನು ಒಪ್ಪಿಸಿದರೆ ಅಣ್ಣ ತಾನಾಗಿ ಒಪ್ಪುತ್ತಾನೆ ಅನ್ನೋದು ನನ್ನ ಲೆಕ್ಕ. ಅದಕ್ಕೆ ಒಂದು ಉಪಾಯ ಮಾಡಿದೆ. ‘ಅವ್ವಾ, ನಾಳೆ ಗೊಟಗೋಡಿಗೆ ಹೋಗೂಣು, ರಾಕ್ ಗಾರ್ಡನ್ ನೋಡಿಲ್ಲಲ್ಲ ನೀ’ ಅಂದೆ. ಹಳೆ ಮನೆ ನೋಡಲು ಜನ ಟಿಕೆಟ್ ತಗೊಂಡು ಬರ್ತಾರೆ ಅಂತ ಅವ್ವ ಕಣ್ಣಾರೆ ನೋಡಲಿ, ಮನಸ್ಸು ಬದಲಾಗಲಿ ಅಂತ. ವೈನಿ ಬುತ್ತಿ ಕಟ್ಟಿಕೊಟ್ಟರು. ಅಣ್ಣ ಕಾರಿನ ಕೀ ಕೊಟ್ಟು, ‘ಕಲ್ಲಿನ ಮಂದಿ ನೋಡಾಕ ಅಷ್ಟ ದೂರ ಯಾಕ ಹೊಂಟೀರಿ, ಊರಾಗ ಜೀವಂತ ಅದಾರಲ್ಲ’ ಅಂದ.

ಉತ್ಸವ ರಾಕ್ ಗಾರ್ಡನ್ ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ಹೆದ್ದಾರಿಯ ಪಕ್ಕ, ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಊರು ಅದು. 2020ರಲ್ಲಿ ಅವರು ತೀರಿಕೊಂಡರು, ಊರು ಉಳಿದಿದೆ. ಉತ್ತರ ಕರ್ನಾಟಕದ ಹಳ್ಳಿ ಹೇಗಿತ್ತು ಅನ್ನೋದನ್ನು ಆಳೆತ್ತರದ ಶಿಲ್ಪಗಳಲ್ಲಿ ಮಾಡಿಟ್ಟಿದ್ದಾರೆ. ಸಾವಿರಕ್ಕೂ ಹೆಚ್ಚು ಶಿಲ್ಪಗಳು. ಗೌಡರ ಮನೆ, ಕಮ್ಮಾರ, ಕುಂಬಾರ, ಎತ್ತು, ಎಮ್ಮೆ, ಬೀಸುವ ಹೆಂಗಸರು, ಹರಟುವ ಮುದುಕರು. ಮೊದಲ ಸಲ ಹೋದವರು ಯಾರಿಗಾದರೂ ದಾರಿ ಕೇಳಲು ಹೋಗಿ ಶಿಲ್ಪದ ಮುಂದೆ ನಿಂತು ಪೆಚ್ಚಾಗುವುದುಂಟು.

ಅವ್ವ ಮೊದಲು ನಕ್ಕಳು. ಒಂದು ಎಮ್ಮೆಯ ಬೆನ್ನು ಸವರಿ, ‘ಹಾಲ ಎಷ್ಟ ಕೊಡ್ತೈತೇನ’ ಅಂದಳು. ಸೀರೆಯ ನೆರಿಗೆ ನೋಡಿ, ‘ಬರೋಬ್ಬರಿ ಉಡಿಸ್ಯಾರ’ ಅಂದಳು. ನಾನು ಫೋಟೊ ತೆಗೆಯುತ್ತಾ ಹಿಂದೆ ಹಿಂದೆ ಹೋಗುತ್ತಿದ್ದೆ. ಉಪಾಯ ಕೆಲಸ ಮಾಡ್ತಾ ಇದೆ ಅಂತ ಒಳಗೊಳಗೇ ಖುಷಿ.

ಒಂದು ಕಡೆ ಬೀಸುವ ಹೆಂಗಸಿನ ಮುಂದೆ ಅವ್ವ ನಿಂತುಬಿಟ್ಟಳು. ಎರಡು ನಿಮಿಷ, ಐದು ನಿಮಿಷ. ಆಮೇಲೆ ಅಲ್ಲೇ ಎದುರಿಗೆ ಕುಕ್ಕುರಗಾಲಲ್ಲಿ ಕೂತಳು.

‘ಕೈ ಬರೋಬ್ಬರಿ ಐತಿ ನೋಡವಾ. ಮಾಡಿದಾಂವ ಬೀಸೂ ಹೆಂಗಸರನ್ನ ನೋಡ್ಯಾನ, ಸುಮ್ನ ಮಾಡಿಲ್ಲ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಆದರ ಇಕಿ ಬೆವತಿಲ್ಲ’ ಅಂದಳು.

ನಾನು ನಕ್ಕೆ. ಅವ್ವ ನಗಲಿಲ್ಲ.

‘ಒಲಿ ಮುಂದ ಕುಂತಾಕಿ ಕಣ್ಣಾಗ ನೀರಿರಬೇಕು. ಹಸಿ ಕಟಗಿ ಇಟ್ಟ ಊದಿದ್ರ ಹೊಗಿ ಹೆಂಗ ಬರ್ತೈತಿ ಅಂತ ನಿನಗ ಗೊತ್ತಿಲ್ಲ. ನಿನಗ ಗೊತ್ತಾಗೂದರಾಗ ಗ್ಯಾಸ್ ಬಂದಿತ್ತು. ಹೊಗಿ ಮಾಡಾಕ ಬರೂದಿಲ್ಲಲ್ಲ ಸಿಮೆಂಟಿನಾಗ.’

ಆಮೇಲೆ ಅವ್ವ ಮಾತಾಡುತ್ತಾ ಹೋದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಕೇಳದ ಮಾತು. ತವರಿನಲ್ಲಿ ನೀರಿಗೆ ಕಷ್ಟ, ಕೆರೆಯಿಂದ ಕೊಡ ಹೊತ್ತು ತರಬೇಕು. ಆದರೆ ಮನೆಯೊಳಗೆ ಹಗೇವಿನ ತುಂಬಾ ಜೋಳ, ತಲೆ ಮೇಲೆ ಮಣ್ಣಿನ ಮಾಳಿಗೆ, ಬ್ಯಾಸಗಿಯಲ್ಲಿ ತಂಪು. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸಪ್ಪಳಕ್ಕೆ ಹೆದರಿ ರಾತ್ರಿಯೆಲ್ಲಾ ಎದ್ದು ಕೂತಿದ್ದಳಂತೆ. ನಿಲ್ಲದ ಮಳೆ ಅಂದರೇನು ಅಂತ ಆಕೆಗೆ ಗೊತ್ತೇ ಇರಲಿಲ್ಲ. ಒಡೆದ ಹಂಚಿನಿಂದ ಸೋರಿದರೆ ಕೆಳಗೆ ಪಾತ್ರೆ ಇಡೋದು, ತುಂಬಿದರೆ ಚೆಲ್ಲೋದು. ನೆಲಕ್ಕೆ ತಂಪು ಏರಿ ಸೆಗಣಿ ಸಾರಿಸಿದ್ದು ಮೂರು ದಿನವಾದರೂ ಒಣಗುತ್ತಿರಲಿಲ್ಲ. ಅಕ್ಕಿ ಅನ್ನವೇ ಎರಡು ಹೊತ್ತು, ರೊಟ್ಟಿ ಬೇಕು ಅಂತ ಕೇಳಲು ನಾಚಿಕೆ. ಬಯಲಿಗೆ ಹೋಗಬೇಕೆಂದರೆ ನಸುಕಿನಲ್ಲಿ ಇಲ್ಲವೇ ಕತ್ತಲಾದ ಮೇಲೆ, ಜೊತೆಗೆ ಇನ್ನೊಬ್ಬಳು ಸಿಕ್ಕರೆ.

‘ಹಂಗಾದ್ರ ವಾಪಸ್ ಹೋಗಬೇಕು ಅನಿಸಲಿಲ್ಲೇನ?’ ಅಂತ ಕೇಳಿದೆ.

‘ಎಲ್ಲಿಗಿ ಹೋಗ್ಲಿ? ನಿಮ್ಮಜ್ಜಿ ಒಂದ ವರ್ಷ ನನ್ನ ಕೂಡ ಮಾತಾಡ್ಲಿಲ್ಲ. ಆಮ್ಯಾಲ ಆಕೀನ ಭತ್ತ ಕುಟ್ಟೂದು ಕಲಿಸಿದ್ಲು.’

ಅಮೆರಿಕಕ್ಕೆ ಹೋದ ಗೆಳತಿಯರು ಅಲ್ಲಿನ ‘ಪಯೋನಿಯರ್ ವಿಲೇಜ್’ಗಳ ಫೋಟೊ ಹಾಕುತ್ತಾರೆ. ಕಾಡಿನ ಅಂಚಿಗೆ ಮೊದಲು ಬಂದು ನೆಲೆ ನಿಂತವರ ಮರದ ಮನೆಗಳು. ಅವರನ್ನೆಲ್ಲ ಸಾಹಸಿಗಳು ಅನ್ನುತ್ತಾರೆ. ನವಲಗುಂದದ ಬಯಲಿನಿಂದ ಒಂದು ಟ್ರಂಕು, ಒಂದು ಜಮಖಾನೆ ತಗೊಂಡು ಮಳೆಯ ಊರಿಗೆ ಬಂದ ಹದಿನೆಂಟರ ಹುಡುಗಿಗೆ ನಮ್ಮಲ್ಲಿ ಅನ್ನೋದು ಸೊಸೆ ಅಂತ ಮಾತ್ರ.

ಇಂಥ ಊರುಗಳನ್ನು ಕಟ್ಟುವ ಯೋಚನೆ ಹಳೆಯದು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ಆರ್ಥರ್ ಹ್ಯಾಜೆಲಿಯಸ್ ಎಂಬಾತ ‘ಸ್ಕ್ಯಾನ್ಸನ್’ ಶುರು ಮಾಡಿದ. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಕಣ್ಣೆದುರೇ ಕರಗುತ್ತಿದೆ ಅನ್ನೋ ಆತಂಕ ಅವನದು. ದೇಶದ ಮೂಲೆ ಮೂಲೆಯಿಂದ ಹಳೆ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು, 1994ರಲ್ಲಿ ಅದು ಜನರಿಗೆ ತೆರೆಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಇನ್ನೂ ಹಟದ ಕೆಲಸ ಮಾಡಿದರು. ಬೀಳಿಸಲು ಹೊರಟ ಮನೆಗಳನ್ನು ಕಂಬ, ತೊಲೆ ಬಿಡಿಸಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಜೋಡಿಸಿದರು. ನಮ್ಮ ಕಡೆಯ ಕುಕನೂರಿನ ಕಮಲ ಮಹಲೂ ಅಲ್ಲಿದೆ. ಇವರು ಯಾರೂ ಕೈ ಹಾಕದೇ ಹೋಗಿದ್ದರೆ ನಾವು ಇವತ್ತು ಫೋಟೊದಲ್ಲೂ ನೋಡಲಾಗದ ಮನೆಗಳು ಎಷ್ಟೋ.

ಆದರೆ ಅವತ್ತು ಬೀಸುವಕಲ್ಲಿನ ಮುಂದೆ ಅವ್ವನ ಪಕ್ಕ ಕೂತಾಗ ನನಗೆ ಮೊದಲ ಸಲ ಹೊಳೆದದ್ದು ಇದು: ಈ ಎಲ್ಲಾ ಊರುಗಳಲ್ಲೂ ರಾತ್ರಿ ಯಾರೂ ಮಲಗೋದಿಲ್ಲ. ಸಂಜೆ ಗೇಟು ಹಾಕುತ್ತಾರೆ. ಸೋರುವ ಹಂಚಿನ ಕೆಳಗೆ ಪಾತ್ರೆ ಇಡುವವರು ಅಲ್ಲಿಲ್ಲ. ನನ್ನ ಹನ್ನೊಂದು ಮೆಸೇಜೂ ವರ್ಷಕ್ಕೆ ಹತ್ತು ದಿನ ಆ ಮನೆಯಲ್ಲಿ ಇರುವವಳ ಮೆಸೇಜು. ಉಳಿದ ದಿನ ಅಲ್ಲಿರುವವಳನ್ನು ನಾನು ಕೇಳಿಯೇ ಇರಲಿಲ್ಲ.

ಮುಂದೆ ಒಂದು ಮನೆಯ ಹೊರಗೆ ಕಟ್ಟಿಯ ಮೇಲೆ ನಾಲ್ಕು ಜನ ಮುದುಕರ ಶಿಲ್ಪ. ಅವ್ವನಿಗೆ ಕಾಲು ಸೋತಿತ್ತು. ಸುತ್ತ ಒಮ್ಮೆ ನೋಡಿ, ಆ ಮುದುಕರ ಹತ್ತಿರ ಒಂದಿಷ್ಟು ಜಾಗ ಬಿಟ್ಟು ಕೂತಳು. ಸೆರಗು ಸರಿ ಮಾಡಿಕೊಂಡು ನಕ್ಕಳು.

‘ನಮ್ಮ ಮನಿ ಕಟ್ಟಿಮ್ಯಾಲೆ ನಾ ಮೂವತ್ತ ವರ್ಷ ಕುಂತಿಲ್ಲ, ಗೊತ್ತೈತೇನ? ಗಂಡಸರು ಕೂಡೂ ಜಾಗಾ ಅದು. ನಿಮ್ಮಜ್ಜ ಹೋದಮ್ಯಾಲೂ ನಿಮ್ಮಪ್ಪ ಇದ್ದ. ಆಂವ ಬ್ಯಾಡ ಅನ್ನಲಿಲ್ಲ, ನನಗ ರೂಢಿ ಇರಲಿಲ್ಲ. ಈಗ ಆರ ವರ್ಷಾತು, ಸಂಜೀಕ ಕುಂದ್ರತೇನಿ. ಹಾದು ಹೋಗಾವರು ಮಾತಾಡಸ್ತಾರ. ಬಾಜೂ ಮನಿಯಾಕಿ ಸೊಪ್ಪ ಸೋಸಾಕ ಅಲ್ಲೇ ಬರ್ತಾಳ.’

ಅಪ್ಪ ತೀರಿಕೊಂಡು ಆರು ವರ್ಷ. ನಾನು ಏನೂ ಹೇಳಲಿಲ್ಲ.

ಅಲ್ಲೇ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ತಿನ್ನುವಾಗ ಅವ್ವನ ಎಡಗೈ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕಂಡಿತು. ಕೇಳಿದೆ. ಮಳೆಗಾಲದಲ್ಲಿ ರಾತ್ರಿ ಹಿತ್ತಲಿನ ಶೌಚಾಲಯಕ್ಕೆ ಹೋಗುವಾಗ ಬಚ್ಚಲ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಳು. ಎಲುಬು ಸೀಳಿತ್ತು. ಒಂದೂವರೆ ತಿಂಗಳು ಪ್ಲಾಸ್ಟರ್ ಹಾಕಿದ್ದರು. ವಿಡಿಯೊ ಕಾಲ್ ಮಾಡಿದಾಗೆಲ್ಲ ಕೈ ಸೆರಗಿನೊಳಗೆ ಇಟ್ಟುಕೊಂಡಿದ್ದಳು.

‘ನನಗ ಯಾಕ ಹೇಳಲಿಲ್ಲ?’

‘ನಿನಗ ಅಲ್ಲಿ ಕೆಲಸದ ಕಾಟ. ಮತ್ತ ನೀ ಬಂದು ಏನ ಮಾಡಾಕಿ?’

ಅಣ್ಣ ಹೊಸ ಪ್ಲ್ಯಾನ್ ಹಾಕಿಸಿದ್ದು ಆ ವಾರದಲ್ಲೇ ಅಂತ ಆಮೇಲೆ ವೈನಿ ಹೇಳಿದರು.

ಊರಿಗೆ ವಾಪಸ್ ಬಂದಾಗ ಕತ್ತಲಾಗಿತ್ತು. ಊಟವಾದ ಮೇಲೆ ಪಡಸಾಲಿಯಲ್ಲಿ ನಾಲ್ಕು ಜನ ಕೂತೆವು. ನಾನೇ ಮೊದಲು ಹೇಳಿದೆ, ‘ಅಣ್ಣಾ, ಕೆಡವೂದು ಬರೋಬ್ಬರಿ ಐತಿ.’ ಅಣ್ಣನಿಗೆ ಆಶ್ಚರ್ಯ. ಜಗಳಕ್ಕೆ ತಯಾರಾಗಿ ಕೂತವನಿಗೆ ಏನು ಹೇಳಬೇಕು ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಬಿಟ್ಟ. ಹಳೆ ಸಾಮಾನು ಕೊಳ್ಳುವ ಒಬ್ಬ ವ್ಯಾಪಾರಿ ಬಂದು ಬಾಗಿಲು, ಕಂಬ, ಅಟ್ಟದ ಮೇಲಿನ ತೊಟ್ಟಿಲು ಮೂರನ್ನೂ ನೋಡಿ ಹೋಗಿದ್ದಾನೆ. ಒಳ್ಳೆ ರೊಕ್ಕ ಹೇಳಿದ್ದಾನೆ. ಸ್ಲ್ಯಾಬಿನ ಖರ್ಚಿಗೆ ಆಗುತ್ತದೆ.

ಇದು ನನಗೆ ಚುಚ್ಚಿತು. ಬೆಂಗಳೂರಿನ ಕೆಫೆಗಳಲ್ಲಿ ಇಂಥ ಬಾಗಿಲನ್ನು ಅಡ್ಡ ಮಲಗಿಸಿ ಮೇಲೆ ಗಾಜು ಹಾಕಿ ಟೇಬಲ್ ಮಾಡಿರುತ್ತಾರೆ. ನಾನೇ ಎಷ್ಟು ಸಲ ಅದರ ಮೇಲೆ ಕಾಫಿ ಇಟ್ಟು ಫೋಟೊ ತೆಗೆದಿಲ್ಲ? ಯಾರದೋ ತಲಬಾಗಿಲು ಅದು, ಯಾರೋ ಹೊಸ್ತಿಲಿಗೆ ಅರಿಶಿನ ಹಚ್ಚಿದ್ದು ಅಂತ ಒಮ್ಮೆಯೂ ಅನಿಸಿರಲಿಲ್ಲ.

‘ಅವ್ವಾ, ನೀ ಹೇಳು. ಏನ ಇಟಗೊಳ್ಳೂದು, ಏನ ಕೊಡೂದು?’ ಅಂದೆ. ಈ ಪ್ರಶ್ನೆ ಆಕೆಗೆ ಯಾರೂ ಕೇಳಿರಲಿಲ್ಲ ಅಂತ ಆಕೆಯ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಬಾಗಿಲು ಮುಂದೆಯೇ ಇರಲಿ ಅಂತಾಳೆ ಅಂದುಕೊಂಡಿದ್ದೆ. ‘ಬಾಗಲಾ ಗಿಡ್ಡ. ನಲವತ್ತ ವರ್ಷ ತಲಿ ಬಗ್ಗಿಸೇನಿ, ಸಾಕು. ಮುಂದ ಎತ್ತರಂದು ಹಚ್ಚರಿ’ ಅಂದಳು. ಹಳೆ ಬಾಗಿಲು ಕಾಳು ಇಡುವ ಕೋಣಿಗೆ ಹೋಗಲಿ, ಮಾರೋದು ಬೇಡ. ಬೀಸುವಕಲ್ಲು? ‘ಯಾರರ ಕೇಳಿದ್ರ ಕೊಡರಿ.’ ಬಟ್ಟೆ ಒಗೆಯುವ ಕಲ್ಲು ಮಾತ್ರ ಹಿತ್ತಲಲ್ಲೇ ಇರಬೇಕು, ದಿನಾ ಬೇಕಾಗುತ್ತದೆ. ಕಂಬ ನಾಲ್ಕರಲ್ಲಿ ಎರಡು ಹೊಸ ಪಡಸಾಲಿಗೆ, ಇನ್ನೆರಡು ಮಾರಿದರೆ ಅಡ್ಡಿ ಇಲ್ಲ. ತೊಟ್ಟಿಲಿಗೆ ಮಾತ್ರ ಆಕೆ ಖಡಾಖಂಡಿತ ಇಲ್ಲ ಅಂದಳು. ಕಲಘಟಗಿಯ ಬಣ್ಣದ ತೊಟ್ಟಿಲು ಗೊತ್ತಲ್ಲ, ಹಲಗೆ ಹಲಗೆಯ ಮೇಲೂ ಪುರಾಣದ ಚಿತ್ರ ಬರೆದದ್ದು. ನಮ್ಮಲ್ಲಿ ಅದು ಬರೀ ನಮ್ಮ ಮನೆಯದಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರಿಡುವ ದಿನ ಒಯ್ಯುತ್ತಾರೆ, ಆಮೇಲೆ ತಂದು ಕೊಡುತ್ತಾರೆ. ‘ಓಣಿ ಮಂದಿನ್ನ ಕೇಳದ ನಾ ಹೆಂಗ ಮಾರ್ಲಿ?’

ಕೊನೆಗೆ ಅವ್ವ ಅಣ್ಣನ ಫೋನು ತಗೊಂಡು ಪ್ಲ್ಯಾನನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು.

‘ಇದರಾಗ ಕಟ್ಟಿ ಎಲ್ಲೈತಿ?’

ಅಣ್ಣ ಗಂಟಲು ಸರಿ ಮಾಡಿಕೊಂಡ. ಮನೆ ಮುಂದೆ ಕಾರ್ ಪಾರ್ಕಿಂಗ್, ಅದರ ಮುಂದೆ ಗೇಟು, ಕಂಪೌಂಡು. ಕಟ್ಟಿ ಇರಲಿಲ್ಲ.

‘ಕಟ್ಟಿ ಇಲ್ಲದ ಮನಿ ಯಾವ ಮನಿ? ಗೇಟ್ ಹಾಕ್ಕೊಂಡು ಒಳಗ ಕುಂತರ ನನ್ನ ಕೂಡ ಯಾರ ಮಾತಾಡ್ತಾರ, ಟಿವಿ?’

ಯಾರೂ ಮಾತಾಡಲಿಲ್ಲ. ವೈನಿ ನಗು ತಡೆಯಲಾರದೆ ಒಳಗೆ ಹೋದರು. ಮರುದಿನ ಬೆಳಿಗ್ಗೆ ಅಣ್ಣ ಎಂಜಿನಿಯರಿಗೆ ಫೋನ್ ಹಚ್ಚಿದ. ಪಾರ್ಕಿಂಗ್ ಹೋಯಿತು. ಬೀದಿಗೆ ಮುಖ ಮಾಡಿ ಒಂದು ಬದಿ ಕಟ್ಟಿ ಬಂತು, ಅದೂ ಹಳೆ ಕಟ್ಟಿಯ ಹಾಸುಗಲ್ಲುಗಳನ್ನೇ ತೆಗೆದಿಟ್ಟು ಕೂಡಿಸುವ ಹಾಗೆ. ಬಚ್ಚಲು, ಶೌಚಾಲಯ ಎರಡೂ ಅವ್ವನ ಕೋಣೆಗೆ ಹೊಂದಿಕೊಂಡು, ನಡುವೆ ಮೆಟ್ಟಿಲಿಲ್ಲದೆ.

ರಜೆಯಲ್ಲಿ ಉಳಿದ ನಾಲ್ಕು ದಿನ ನಾನೊಂದು ಕೆಲಸ ಮಾಡಿದೆ. ನಿಮ್ಮ ಊರಲ್ಲೂ ಹಳೆ ಮನೆ ಬೀಳುವುದಿದ್ದರೆ ಇದನ್ನು ಮಾಡಿ ಅಂತಲೇ ಈ ಅಂಕಣ ಬರೆಯುತ್ತಿದ್ದೇನೆ. ದೊಡ್ಡ ಖರ್ಚಿಲ್ಲ. ಒಂದು ಟೇಪು, ಒಂದು ಫೋನು ಸಾಕು.

ಮೊದಲು ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ ಅಳೆದು ಒಂದು ಹಾಳೆಯ ಮೇಲೆ ಬರೆದೆ. ಗೋಡೆಯ ದಪ್ಪವನ್ನೂ. ನಮ್ಮ ಮನೆಯ ಮಣ್ಣಿನ ಗೋಡೆ ಎರಡು ಅಡಿ ದಪ್ಪ ಅಂತ ನನಗೆ ಗೊತ್ತಾದದ್ದು ಈಗಲೇ. ಆಮೇಲೆ ಫೋಟೊ. ಖಾಲಿ ಕೋಣೆಯ ಫೋಟೊಗಿಂತ ಅಲ್ಲಿ ಯಾರಾದರೂ ಏನಾದರೂ ಮಾಡುತ್ತಿರುವ ಫೋಟೊ ತೆಗೆಯಿರಿ. ಅಟ್ಟಕ್ಕೆ ಹತ್ತೋದು, ಗೂಡಿನಲ್ಲಿ ದೀಪ ಇಡೋದು, ದನಕ್ಕೆ ಮೇವು ಹಾಕೋದು. ಮೂರನೆಯದು ಧ್ವನಿ. ಮನೆಯನ್ನು ಕಟ್ಟಿಕೊಂಡು ಬದುಕಿದವರ ಹಿಂದೆ ಫೋನ್ ರೆಕಾರ್ಡಿಂಗ್ ಹಚ್ಚಿ ಮನೆ ತುಂಬಾ ನಡೆಯಿರಿ. ಪ್ರತಿ ವಸ್ತುವಿನ ಮುಂದೆ ನಿಂತು ‘ಇದಕ್ಕ ಏನಂತೀರಿ’ ಅಂತ ಕೇಳಿ. ನೆಲುವು, ಗ್ವಾದಲಿ, ಕಣಜ, ಕೂರಿಗಿ, ಒಳ್ಳು. ನಮ್ಮ ಮಕ್ಕಳಿಗೆ ವಸ್ತುವೂ ಗೊತ್ತಿರುವುದಿಲ್ಲ, ಹೆಸರೂ. ಅವ್ವನ ರೆಕಾರ್ಡಿಂಗ್ ಎರಡು ತಾಸು ನಲವತ್ತು ನಿಮಿಷ ಬಂತು. ನಡುನಡುವೆ ಕೋಳಿ ಕೂಗಿದ್ದು, ಕುಕ್ಕರ್ ಸೀಟಿ ಹೊಡೆದದ್ದು ಎಲ್ಲಾ ಇದೆ. ಗೂಗಲ್ ಡ್ರೈವಿಗೆ ಹಾಕಿ ಅಣ್ಣನಿಗೂ ಲಿಂಕ್ ಕೊಟ್ಟಿದ್ದೇನೆ.

ಆದರೆ ಇದಕ್ಕೆಲ್ಲ ಮೊದಲು ಮಾಡಬೇಕಾದದ್ದು ಒಂದಿದೆ. ಆ ಮನೆಯನ್ನು ದಿನಾ ಗುಡಿಸಿ ಸಾರಿಸಿದವರಿಗೆ ‘ನಿಮಗ ಏನ ಬೇಕು’ ಅಂತ ಕೇಳೋದು. ಉಳಿಸೋಣ ಅನ್ನುವ ನಾವೂ ಕೇಳುವುದಿಲ್ಲ, ಕೆಡವೋಣ ಅನ್ನುವವರೂ ಕೇಳುವುದಿಲ್ಲ. ನನಗೆ ಬೇಕಿದ್ದದ್ದು ಬಾಗಿಲು, ಅಣ್ಣನಿಗೆ ಬೇಕಿದ್ದದ್ದು ಪಾರ್ಕಿಂಗು. ಅವ್ವನಿಗೆ ಬೇಕಿದ್ದದ್ದು ಸಂಜೆ ಕೂರಲು ಒಂದು ಕಲ್ಲು. ಕೇಳದಿದ್ದರೆ ಅದು ಪ್ಲ್ಯಾನಿನಲ್ಲಿ ಬರುತ್ತಲೇ ಇರಲಿಲ್ಲ.

ನಾನು ಹೊರಡುವ ದಿನ ಸಂಜೆ ಅವ್ವ ಕಟ್ಟಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಬಾಜೂ ಮನೆಯಾಕೆ. ಬ್ಯಾಗು ಇಳಿಸಿ ನಾನೂ ಕೂತೆ. ಆ ಮನೆಯ ಕಟ್ಟಿಯ ಮೇಲೆ ಅವ್ವನ ಜೊತೆ ಕೂತದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ‘ಬಸ್ಸಿಗಿ ಹೊತ್ತಾತು, ಏಳು’ ಅಂತ ಅವ್ವ ಎರಡು ಸಲ ಅಂದಳು. ಬೊಗಸೆಯಷ್ಟು ಕಾಯಿ ಬಿಡಿಸಿಯೇ ಎದ್ದೆ.

ಮನೆ ಸಂಕ್ರಾಂತಿ ಆದಮೇಲೆ ಬೀಳುತ್ತದೆ. ಕಟ್ಟಿಯ ಕಲ್ಲುಗಳಿಗೆ ಅಣ್ಣ ಸುಣ್ಣದಲ್ಲಿ ನಂಬರ್ ಹಾಕಿಟ್ಟಿದ್ದಾನೆ. ಗ್ರೂಪಿನಲ್ಲಿ ಫೋಟೊ ಬಂದಿದೆ. ಈ ಸಲ ಹೆಬ್ಬೆರಳು ಒತ್ತಿದ್ದು ನಾನು.